ಅಟ್ಟದಲ್ಲಿ ಸಿಕ್ಕಿದ ತಾಲೂಕು ಖಜಾನೆ ಲೆಕ್ಕದ ಪುಸ್ತಕ, ಫಸಲಿ 1276. ಓದ್ಲಿಕ್ಕೆ ಸಹಾಯ ಬೇಕು

ತೆಂಕುಬಾಗಿಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ದಕ್ಷಿಣ ಕನ್ನಡ. ಮಾಡಿನ ಹಂಚು ಬದಲಿಸ್ಲಿಕ್ಕೆ ಅಂತ ಕಳೆದ ತಿಂಗಳು ಮನೆ ಅಟ್ಟ ಖಾಲಿ ಮಾಡಿದೆವು, ಆಗ ಒಂದು ಮರದ ಪೆಟ್ಟಿಗೆ ಸಿಕ್ಕಿತು, ಅದರೊಳಗೆ ಬಟ್ಟೆಯಲ್ಲಿ ಕಟ್ಟಿಟ್ಟ ಒಂದು ಉದ್ದದ ಪುಸ್ತಕ, ಮತ್ತೆ ಬಿಡಿ ಕಾಗದ ಒಂದು ಹದಿನೈದು ಇರಬಹುದು. ಮೊದಲ ಪುಟದಲ್ಲಿ ಫಸಲಿ 1276 ಅಂತ ಬರೆದದ್ದು ಉಂಟು. ನಮ್ಮ ಮುತ್ತಜ್ಜನ ಅಪ್ಪ ಕಂಪೆನಿ ಹೋಗಿ ರಾಣಿ ಸರ್ಕಾರ ಬಂದ ಕಾಲದಲ್ಲಿ ತಾಲೂಕು ಕಚೇರಿ ಖಜಾನೆಯಲ್ಲಿ ಶರಾಫ, ಅಂದ್ರೆ ನಾಣ್ಯ ನೋಡಿ ಎಣಿಸುವವರು, ಆಗಿದ್ರು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದು ಗೊತ್ತಿರುವುದು ಒಳ್ಳೆ ಕಾರಣಕ್ಕೆ ಅಲ್ಲ, ಅದೇ ನನಗೆ ಬೇಜಾರು.

ಮನೆಯಲ್ಲಿ ಹೇಳುವುದು ಏನಂದ್ರೆ ಅವರು ಖಜಾನೆಯಿಂದ 406 ರೂಪಾಯಿ ತಿಂದ್ರು, ಸರ್ಕಾರ ವಸೂಲು ಮಾಡಿತು, ಅದಕ್ಕೇ ಕೆಳಗಿನ ಗದ್ದೆ ಮಾರ್ಲಿಕ್ಕೆ ಬಂತು ಅಂತ. ಸಣ್ಣ ಇರುವಾಗಿಂದ ಕೇಳಿದ್ದೇನೆ. ಯಾರಾದರೂ ಮನೆಯಲ್ಲಿ ದುಡ್ಡಿನ ಲೆಕ್ಕ ತಪ್ಪಿಸಿದ್ರೆ ಆ ಹಿರಿಯರ ಹೆಸರು ತೆಗಿತಾರೆ. ನಮ್ಮ ಅಜ್ಜಿ ಮಾತ್ರ ಕೊನೆವರೆಗೂ ಒಪ್ಪಲಿಲ್ಲ, "ಅವರು ತಿಂದವರಲ್ಲ, ಕೈಯಿಂದ ಕಟ್ಟಿದವರು" ಅಂತಿದ್ರು.

ಈಗ ಆ ಬಿಡಿ ಕಾಗದಗಳಲ್ಲಿ ಒಂದು ಚೀಟಿ ನೋಡಿದೆ, ಅರ್ಧ ಹುಳ ತಿಂದಿದೆ. ನನಗೆ ಓದಲಿಕ್ಕಾದದ್ದು ಇಷ್ಟು: ಹುಜೂರಿಗೆ ಇರಸಾಲು 4000, ಹಿಂದೆ ಬಂದದ್ದು 14, ಮತ್ತೆ ಎರಡು ಸಾಲು ಮಸಿ ಹಬ್ಬಿದೆ, ಕೊನೆಗೆ ಶರಾಫನಿಂದ ವಸೂಲು 406. ಅಂದ್ರೆ 406 ನಿಜ ಅಂತಾಯ್ತಲ್ಲ?

ಇನ್ನೂ ಕೆಲವು ಗೊತ್ತಾಗ್ಲಿಲ್ಲ. ಪುಸ್ತಕದಲ್ಲಿ ಮೊತ್ತದ ಮುಂದೆ ಎಲ್ಲ ಕಡೆ ನಿಂತ ಗೆರೆ, ಓರೆ ಗೆರೆ ಹಾಕಿದ್ದಾರೆ, ಅದು ಎಂತದು? ಮತ್ತೆ ಫಸಲಿ 1276 ಅಂತ ಇದ್ದದ್ದು ನಡುವಲ್ಲಿ ಒಂದು ಕಡೆ 1866-67 ಅಂತ ಇಂಗ್ಲಿಷ್ ವರ್ಷ ಬರೆದು ಮೊತ್ತ ಹಾಕಿದ್ದಾರೆ, ಆದ್ರೆ ಅದರಲ್ಲಿ ಹನ್ನೊಂದೇ ತಿಂಗಳು ಉಂಟು, ನಾನು ಮೂರು ಸಲ ಎಣಿಸಿದೆ. ಒಂದು ತಿಂಗಳ ಲೆಕ್ಕ ಮುಚ್ಚಿಟ್ಟದ್ದೋ ಅಂತ ಹೆದರಿಕೆ ಆಯ್ತು. ಗೊತ್ತಿದ್ದವರು ದಯವಿಟ್ಟು ಹೇಳಿ.

ಮೋಡಿಓದುಗ ಬರೆದದ್ದು:

ನಮಸ್ಕಾರ್ರಿ. ನಾ ಧಾರವಾಡದ ಕಡೆಯಾವ, ಹಳೇ ಕುಲಕರ್ಣಿ ದಫ್ತರ ಓದೋದು ರೂಢಿ ಅದ. ಮೊದ್ಲು ಆ ಹನ್ನೊಂದು ತಿಂಗಳ ಹೆದರಿಕಿ ತೆಗದು ಹಾಕ್ರಿ, ಅದು ನಿಮ್ಮ ಹಿರ್‍ಯಾರು ಮುಚ್ಚಿದ್ದಲ್ಲ, ಆ ವರ್ಷ ಇಡೀ ಬ್ರಿಟಿಷ್ ಇಂಡಿಯಾಕ್ಕ ಹನ್ನೊಂದೇ ತಿಂಗಳು.

ಹೆಂಗಂದ್ರ, ಅಲ್ಲೀತನಕ ಸರ್ಕಾರದ ಹಣಕಾಸಿನ ವರ್ಷ ಮೇ 1ಕ್ಕ ಶುರು ಆಗಿ ಏಪ್ರಿಲ್ 30ಕ್ಕ ಮುಗೀತಿತ್ತು. ಬ್ರಿಟನ್ ಸರ್ಕಾರದ ಲೆಕ್ಕ ಮಾರ್ಚ್ 31ಕ್ಕ ಮುಗೀತಿತ್ತು, ಅದಕ್ಕ ಹೊಂದಿಸಬೇಕಂತ 1867ರ ಏಪ್ರಿಲ್ 1ರಿಂದ ಹೊಸ ವರ್ಷ ಹಿಡದ್ರು. ಹಿಂಗಾಗಿ 1866-67 ಅನ್ನೋದು 1866 ಮೇ 1ರಿಂದ 1867 ಮಾರ್ಚ್ 31, ಹನ್ನೊಂದು ತಿಂಗಳು. ಇವತ್ತಿಗೂ ನಾವು ಮಾರ್ಚ್ ಎಂಡ್ ಅಂತ ಒದ್ದಾಡ್ತೀವಲ್ಲ, ಅದರ ಬೇರು ಅಲ್ಲೇ ಅದ. ಆ ವರ್ಷದ ಹಳೇ ರಿಪೋರ್ಟ್ ಯಾರರ ನೋಡಿದ್ರ ಆದಾಯ ಇಳದದ ಅಂತ ತಿಳ್ಕೊಂಡು ಏನೇನೋ ಅರ್ಥ ಹಚ್ಚಬ್ಯಾಡ್ರಿ.

ಇನ್ನ ಫಸಲಿ. ಅದು ಬೆಳಿ ವರ್ಷ, ಅಕ್ಬರನ ಕಾಲದಿಂದ ಬಂದದ್ದು. ಮದ್ರಾಸ್ ಪ್ರೆಸಿಡೆನ್ಸಿಯೊಳಗ ಜುಲೈ 1ಕ್ಕ ಶುರು, ಫಸಲಿ ಸಂಖ್ಯೆಕ್ಕ 590 ಕೂಡಿಸಿದ್ರ ಅದು ಶುರು ಆದ ಇಸವಿ ಬರ್ತದ. 1276ಕ್ಕ 590 ಅಂದ್ರ 1866, ಅಂದ್ರ ನಿಮ್ಮ ಪುಸ್ತಕ 1866 ಜುಲೈಯಿಂದ 1867 ಜೂನ್. ಭೂಕಂದಾಯ, ಜಮಾಬಂದಿ (ವರ್ಷದ ಕಂದಾಯದ ಲೆಕ್ಕ ತೀರ್ಮಾನ), ಕಿಸ್ತು (ಕಂದಾಯದ ಕಂತು) ಎಲ್ಲಾ ಫಸಲಿ ಮ್ಯಾಲೆ ನಡೀತಿದ್ವು, ಯಾಕಂದ್ರ ರೈತನ ಕೈಯಾಗ ರೊಕ್ಕ ಬರೋದು ಬೆಳಿ ಬಂದ ಮ್ಯಾಲೇ. ಖಜಾನಿ ಲೆಕ್ಕ ಮಾತ್ರ ಇಂಗ್ಲಿಷ್ ವರ್ಷದ ಮ್ಯಾಲೆ ಮದ್ರಾಸಿಗೆ ಹೋಗಬೇಕು. ಒಂದೇ ರೂಪಾಯಿ ಎರಡು ಕ್ಯಾಲೆಂಡರ್‌ನಾಗ ಕೂಡ್ತಿತ್ತು, ಆ ಗುಮಾಸ್ತರ ತಲೀ ಹೆಂಗ ಕೆಲಸ ಮಾಡ್ತಿತ್ತೋ ಅಂತ ನನಗ ಪ್ರತಿ ಸಲ ಆಶ್ಚರ್ಯ ಆಗ್ತದ. ನಮ್ಮ ಬಾಂಬೆ ಪ್ರೆಸಿಡೆನ್ಸಿ ಕಡೆ ಕಂದಾಯದ ವರ್ಷ ಆಗಸ್ಟ್ 1ಕ್ಕ, ಅದೂ ಬ್ಯಾರೆ. ಕಾರವಾರದ ಕಡೆ ಉತ್ತರ ಕನ್ನಡ 1862ರಾಗ ಮದ್ರಾಸ್ ಬಿಟ್ಟು ಬಾಂಬೆಗೆ ಸೇರಿತಲ್ಲ, ಅಲ್ಲಿ ಕಚೇರಿಯವರು ಕಲತದ್ದನ್ನೆಲ್ಲಾ ಬಿಟ್ಟು ಮತ್ತ ಹೊಸದಾಗಿ ಕಲತಿರಬೇಕು.

ಗೆರಿ ಬಗ್ಗೆ: ನಿಂತ ಗೆರಿ ಒಂದಕ್ಕ ಕಾಲು, ಎರಡಕ್ಕ ಅರ್ಧ, ಮೂರಕ್ಕ ಮುಕ್ಕಾಲು. ರೂಪಾಯಿ ಲೆಕ್ಕದಾಗ ಅಂದ್ರ 4 ಆಣೆ, 8 ಆಣೆ, 12 ಆಣೆ. ಓರೆ ಗೆರಿ ಒಂದಕ್ಕ ಹದಿನಾರನೇ ಒಂದು ಪಾಲು, ಅಂದ್ರ ಒಂದಾಣೆ. ಹಂಗಾದ್ರ 12 ಬರದು ಎರಡು ನಿಂತ ಗೆರಿ, ಮುಂದ ಮೂರು ಓರೆ ಗೆರಿ ಇದ್ರ 12 ರೂಪಾಯಿ 11 ಆಣೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. ಕಾಲು, ವೀಸ (ಹದಿನಾರನೇ ಒಂದು ಪಾಲು) ಅನ್ನೋ ಲೆಕ್ಕ ನಮ್ಮಲ್ಲಿ ಬ್ರಿಟಿಷರಕಿಂತ ಬಹಳ ಹಳೇದು, ಹದಿನಾರಾಣೆ ರೂಪಾಯಿ ಅದರಾಗ ಸರಿಯಾಗಿ ಕೂತ್ಕೊಂಡಿತು ಅಷ್ಟ.

ಆ ಚೀಟಿ ಬಗ್ಗೆ ನಾ ಮಾತಾಡೋದಿಲ್ಲ, ಖಜಾನಿ ಕೆಲಸ ಗೊತ್ತಿದ್ದವರು ಹೇಳಲಿ. ಆದ್ರ 14 ಹಿಂದ ಬಂದು 406 ವಸೂಲು ಅನ್ನೋದು ನನಗ ಕೂಡ್ತಾ ಇಲ್ಲ.

ನಿವೃತ್ತಖಜಾನೆ ಬರೆದದ್ದು:

ನಾನು 33 ವರ್ಷ ಸರ್ಕಾರಿ ಖಜಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದೋನು, ಕಂಪ್ಯೂಟರ್ ಬರೋಕೆ ಮುಂಚೆ ಕೈಯಲ್ಲೇ ಕ್ಯಾಶ್ ಬುಕ್ ಬರೆದಿದ್ದೀನಿ. ನಿಮ್ಮ ಪೋಸ್ಟ್ ಓದಿ ರಾತ್ರಿ ನಿದ್ದೆ ಬರಲಿಲ್ಲ ಅಂದ್ರೆ ನಂಬಿ. ಖಜಾನೆಯಲ್ಲಿ ಕೂತವನಿಗೆ ಕಳ್ಳ ಅನ್ನೋ ಹೆಸರಿಗಿಂತ ದೊಡ್ಡ ಶಿಕ್ಷೆ ಇಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮೊದಲು ಶರಾಫ ಅಂದ್ರೆ ಯಾರು ಅಂತ ತಿಳ್ಕೊಬೇಕು. ನಮ್ಮ ಕಡೆ ಚಿನಿವಾರ ಅಂತಿದ್ರು. ಅವನ ಕೆಲಸ ಬರೀ ಎಣಿಸೋದಲ್ಲ, ನಾಣ್ಯ ನೋಡಿ, ಕಲ್ಲಿನ ಮೇಲೆ ಹಾಕಿ ಸದ್ದು ಕೇಳಿ, ಅನುಮಾನ ಬಂದ್ರೆ ತೂಗಿ, ಒಳ್ಳೇದು ಕೆಟ್ಟದ್ದು ಬೇರೆ ಮಾಡೋದು. 1835ರ ಕಾಯ್ದೆ ಪ್ರಕಾರ ರೂಪಾಯಿ ತೂಕ 180 ಗ್ರೇನ್, ಅಂದ್ರೆ ಸರಿಯಾಗಿ ಒಂದು ತೊಲ, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಸವೆದು ನೂರಕ್ಕೆ ಎರಡು ಪಾಲಿಗಿಂತ ಜಾಸ್ತಿ ತೂಕ ಕಳ್ಕೊಂಡಿದ್ರೆ ಅದು ಚಲಾವಣೆಗೆ ಸಲ್ಲೋದಿಲ್ಲ, ಅಂಚು ಕತ್ತರಿಸಿದ್ದು, ಅರ ಹಾಕಿ ಉಜ್ಜಿದ್ದು ಕೂಡ ಸಲ್ಲೋದಿಲ್ಲ. ಎರಡು ಪಾಲು ಅಂದ್ರೆ 3.6 ಗ್ರೇನ್, ಕಿಸ್ತು ಕಟ್ಟೋರು ಸಾಲಾಗಿ ನಿಂತಿರುವಾಗ ಕಣ್ಣಲ್ಲಿ ನೋಡಿ ಕೈಯಲ್ಲಿ ಹಿಡಿದು ಇದನ್ನ ಕಂಡುಹಿಡಿಯಬೇಕಿತ್ತು.

ಎರಡನೇದು, ಹಣ ಯಾರ ಕೈಯಲ್ಲಿ ಇರ್ತಿತ್ತು ಅನ್ನೋದು. ಕಂದಾಯ ಕಟ್ಟೋನು ಬಂದಾಗ ಗುಮಾಸ್ತ ಬರೆದುಕೊಳ್ತಾನೆ, ಶರಾಫ ಎಣಿಸಿ ತಗೋತಾನೆ, ಮೇಲಿನೋನು ಸಹಿ ಹಾಕ್ತಾನೆ, ಅಂದ್ರೆ ಒಬ್ಬ ಬರೆದದ್ದನ್ನ ಇನ್ನೊಬ್ಬ ಎಣಿಸಬೇಕು, ಒಬ್ಬನೇ ಎರಡೂ ಮಾಡೋ ಹಾಗಿಲ್ಲ. ಸಾಯಂಕಾಲ ಲೆಕ್ಕ ಮುಚ್ಚಿದ ಮೇಲೆ ಪೆಟ್ಟಿಗೆಗೆ ಎರಡು ಬೀಗ, ಎರಡೂ ಬೇರೆ ಬೇರೆ ಕೀ. ಒಂದು ತಹಶೀಲ್ದಾರನ ಹತ್ತಿರ, ಇನ್ನೊಂದು ಹಣ ನೋಡ್ಕೊಳ್ಳೋನ ಹತ್ತಿರ. ಇಬ್ಬರೂ ಬರದೆ ತೆಗೆಯೋಕಾಗಲ್ಲ. ಮರುದಿನದ ಖರ್ಚಿಗೆ ಬೇಕಾದಷ್ಟು ಮಾತ್ರ ಒಂಟಿ ಬೀಗದಲ್ಲಿ ಶರಾಫನ ಜವಾಬ್ದಾರಿ ಮೇಲೆ ಇಡ್ತಿದ್ರು, ಅದೂ ಅವನು ಕೊಟ್ಟ ಜಾಮೀನಿಗಿಂತ ಜಾಸ್ತಿ ಇರಬಾರದು. ಜಾಮೀನು ಅಂದ್ರೆ ಕೆಲಸಕ್ಕೆ ಸೇರುವಾಗಲೇ ಜಮೀನೋ ಹಣವೋ ಸರ್ಕಾರಕ್ಕೆ ಬರೆದು ಕೊಡೋದು. ನಿಮ್ಮ ಗದ್ದೆ ಕಾಗದ ಇದ್ರೆ ನೋಡಿ, ಜಾಮೀನಿಗೆ ಅಂತ ಬರೆದಿರಬಹುದು. ಈ ಎರಡು ಬೀಗದ ಪದ್ಧತಿ ನಮ್ಮ ಕಾಲದವರೆಗೂ ನಡೀತು, ಛಾಪಾ ಕಾಗದ, ಎಸ್ಎಸ್ಎಲ್‌ಸಿ ಪ್ರಶ್ನೆಪತ್ರಿಕೆ ಎಲ್ಲ ನಾವು ಹಾಗೇ ಇಟ್ಟಿದ್ದು.

ತಾಲೂಕಿನಲ್ಲಿ ಸೇರಿದ ಹಣ ಜಿಲ್ಲೆಯ ಹುಜೂರ್ ಖಜಾನೆಗೆ ಹೋಗೋದಕ್ಕೆ ಇರಸಾಲು ಅಂತ ಹೆಸರು. 4000 ರೂಪಾಯಿ ಅಂದ್ರೆ 4000 ತೊಲ, 80 ತೊಲಕ್ಕೆ ಒಂದು ಸೇರು, 40 ಸೇರಿಗೆ ಒಂದು ಸರ್ಕಾರಿ ಮಣ, ಹಾಗಾಗಿ ಒಂದೂಕಾಲು ಮಣ, ಇವತ್ತಿನ ಲೆಕ್ಕದಲ್ಲಿ ಸುಮಾರು 47 ಕಿಲೋ ಬೆಳ್ಳಿ ನಾಣ್ಯ. ಒಂದು ಲಕ್ಷ ಕಳಿಸಬೇಕಂದ್ರೆ ಸಾವಿರ ಕಿಲೋ ಮೀರುತ್ತೆ, ಗಾಡಿ ಬೇಕು, ಕಾವಲು ಬೇಕು. ಚೀಲಕ್ಕೆ ಅರಗಿನ ಮುದ್ರೆ ಹಾಕಿ ಕಳಿಸಿದ ಮೇಲೆ ಹುಜೂರಿನಲ್ಲಿ ಮತ್ತೆ ಬಿಚ್ಚಿ ಎಣಿಸ್ತಾರೆ, ಅಲ್ಲಿನ ಶರಾಫ ಮತ್ತೆ ಪರೀಕ್ಷೆ ಮಾಡ್ತಾನೆ, ಕೆಟ್ಟ ನಾಣ್ಯ ಸಿಕ್ಕಿದ್ರೆ ವಾಪಸ್ಸು ಕಳಿಸಿ ತಾಲೂಕಿನ ಶರಾಫನಿಂದಲೇ ತುಂಬಿಸ್ಕೋತಾರೆ. ಅವನು ತಗೊಂಡಾಗಲೇ ನೋಡಬೇಕಿತ್ತು ಅಂತ.

ಇಲ್ಲಿಗೆ ಬಂತು ನೋಡಿ ನಿಮ್ಮ ಚೀಟಿ. "ಹಿಂದೆ ಬಂದದ್ದು 14" ಅಂದ್ರೆ ನನ್ನ ತಿಳುವಳಿಕೆ ಪ್ರಕಾರ 14 ನಾಣ್ಯ. 14 ರೂಪಾಯಿ ನಾಣ್ಯ ಪೂರ್ತಿ ಖೋಟಾ ಆದ್ರೂ ವಸೂಲು 14 ದಾಟೋದಿಲ್ಲ. 406 ಆಗೋಕೆ ಸಾಧ್ಯವೇ ಇಲ್ಲ. ದಯವಿಟ್ಟು ಆ ಮಸಿ ಹಬ್ಬಿದ ಎರಡು ಸಾಲು ಬೆಳಕಿಗೆ ಹಿಡಿದು ಓದಿ. ಮತ್ತೆ ಆ 406ರ ಅಂಕೆಗಳ ನಡುವೆ ಏನಾದ್ರೂ ಗುರುತು ಇದೆಯಾ ಅಂತ ನೋಡಿ. ಅವತ್ತಿನ ಲೆಕ್ಕದಲ್ಲಿ ರೂಪಾಯಿ, ಆಣೆ, ಪೈ ಮೂರನ್ನ ಅಡ್ಡಗೆರೆ ಹಾಕಿ ಒಂದೇ ಸಾಲಲ್ಲಿ ಬರೀತಿದ್ರು.

ಹಳೇಮೈಸೂರು ಬರೆದದ್ದು:

ಚೀಟಿ ಉತ್ತರಕ್ಕೆ ನಾನೂ ಕಾಯ್ತಿದ್ದೀನಿ. ಅಷ್ಟರಲ್ಲಿ ಮೈಸೂರು ಸೀಮೆ ಕಡೆ ಹೇಗಿತ್ತು ಅಂತ ಸ್ವಲ್ಪ.

ನಮ್ಮಲ್ಲಿ ಶಾನುಭೋಗರು ಕಾಗದಕ್ಕಿಂತ ಮೊದಲು ಕಡತದಲ್ಲಿ ಲೆಕ್ಕ ಇಡ್ತಿದ್ರು. ಉದ್ದನೆ ಬಟ್ಟೆಗೆ ಸರಿಯಾಗಿ ಇದ್ದಲು ಪುಡಿ, ಅಂಟು ಬಳಿದು ಒಣಗಿಸಿ ಬೀಸಣಿಗೆ ಥರ ಮಡಿಸ್ತಿದ್ರು, ಅದರ ಮೇಲೆ ಬಳಪದಲ್ಲಿ ಬರೆಯೋದು, ಬೇಡ ಅಂದ್ರೆ ಒರೆಸಿ ಮತ್ತೆ ಬರೆಯೋದು. ಮೈಸೂರಲ್ಲಿ ರೆಸಿಡೆಂಟ್, ಅಂದ್ರೆ ಕಂಪನಿಯ ಪ್ರತಿನಿಧಿ, ಆಗಿದ್ದ ಮಾರ್ಕ್ ವಿಲ್ಕ್ಸ್ ಕೂಡ ಇದನ್ನ ನೋಡಿ ವಿವರವಾಗಿ ಬರೆದಿಟ್ಟಿದ್ದಾನೆ. ಒರೆಸಬಹುದು ಅಂತ ಅದು ನಂಬೋಕಾಗದ ದಾಖಲೆ ಅಲ್ಲ, ಊರಿನ ಲೆಕ್ಕ ತಲೆಮಾರುಗಟ್ಟಲೆ ಅದರಲ್ಲೇ ನಿಂತಿತ್ತು. ಯಾಕಂದ್ರೆ ಊರವರಿಗೆ ಶಾನುಭೋಗ ಗೊತ್ತು, ಶಾನುಭೋಗನಿಗೆ ಊರು ಗೊತ್ತು. ದೂರದ ಮದ್ರಾಸಲ್ಲಿ, ಕಲ್ಕತ್ತಾದಲ್ಲಿ ಕೂತು ಲೆಕ್ಕ ನೋಡೋನಿಗೆ ಇವರ್‍ಯಾರೂ ಗೊತ್ತಿಲ್ಲ, ಅವನಿಗೆ ಒರೆಸಲಾಗದ ಮಸಿ ಬೇಕು, ಸಹಿ ಬೇಕು, ಓಚರ್ ಬೇಕು. 1857ರ ದಂಗೆ ಹತ್ತಿಕ್ಕಿದ ಖರ್ಚಿಂದ ಸರ್ಕಾರದ ಸಾಲ ಏರಿ ಜೇಮ್ಸ್ ವಿಲ್ಸನ್ ಅನ್ನೋರನ್ನ ಇಂಗ್ಲೆಂಡಿಂದ ಕರೆಸಿದ್ರು, ಅವರು 1860ರಲ್ಲಿ ಮೊದಲ ಬಜೆಟ್ ಮಂಡಿಸಿ ಆದಾಯ ತೆರಿಗೆ ತಂದು ಅದೇ ವರ್ಷ ಆಗಸ್ಟಲ್ಲಿ ಕಲ್ಕತ್ತಾದಲ್ಲೇ ತೀರಿಕೊಂಡ್ರು, ಆಡಿಟರ್ ಜನರಲ್ ಹುದ್ದೆ ಬಂದಿದ್ದೂ 1860ರಲ್ಲೇ. ನಿಮ್ಮ ಪುಸ್ತಕ ಅದಾಗಿ ಆರೇ ವರ್ಷದ್ದು, ಅಂದ್ರೆ ಹೊಸ ಬಿಗಿ ತಾಲೂಕಿನವರೆಗೂ ಇಳೀತಿದ್ದ ಕಾಲ.

ಇನ್ನೊಂದು. ನಾಣ್ಯ ಬದಲಾದಾಗ ಲೆಕ್ಕ ಹೇಗೆ ಸಾಗಿಬರುತ್ತೆ ಅನ್ನೋದಕ್ಕೆ ಮೈಸೂರಿನ ಪೊಗದಿಗಿಂತ (ಕಂಪನಿಗೆ ವರ್ಷವರ್ಷ ಕಟ್ಟುತ್ತಿದ್ದ ಕಾಣಿಕೆ ಹಣ) ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. 1799ರ ಒಪ್ಪಂದದಲ್ಲಿ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಕಂಪನಿಗೆ ಕೊಡಬೇಕು ಅಂತ ಆಯ್ತು. ಆಮೇಲೆ ಮದ್ರಾಸಲ್ಲಿ ಪಗೋಡ, ಅಂದ್ರೆ ವರಹ, ಹೋಗಿ 1818ರಲ್ಲಿ ರೂಪಾಯಿ ಬಂತು, 100 ಪಗೋಡಕ್ಕೆ 350 ರೂಪಾಯಿ ಅಂತ ದರ. 7 ಲಕ್ಷವನ್ನ ಮೂರೂವರೆಯಿಂದ ಗುಣಿಸಿ ನೋಡಿ, 24 ಲಕ್ಷ 50 ಸಾವಿರ. ಹಳೆ ವರದಿಗಳಲ್ಲಿ ಮೈಸೂರಿನ ಪೊಗದಿ ಅಂತ ಕಾಣೋ 24.5 ಲಕ್ಷ ಅನ್ನೋ ವಿಚಿತ್ರ ಮೊತ್ತ ಎಲ್ಲಿಂದ ಬಂತು ಅಂತ ನಾನು ಬಹಳ ದಿನ ತಲೆ ಕೆಡಿಸ್ಕೊಂಡಿದ್ದೆ. ಆಮೇಲೆ ಅದನ್ನ 35 ಲಕ್ಷಕ್ಕೆ ಏರಿಸಿದ್ರು. ಇದೆಲ್ಲ ರೈತರು ಒಂದೊಂದೇ ಆಣೆ ಕೂಡಿಸಿ ಕಟ್ಟಿದ ದುಡ್ಡು, ಅದನ್ನ ನೆನೆದ್ರೆ ಹೊಟ್ಟೆ ಉರಿಯುತ್ತೆ.

ಮತ್ತೆ ನಿಮ್ಮ ಜಿಲ್ಲೆದೇ ಕಥೆ ನಿಮಗೆ ಗೊತ್ತಿರುತ್ತೆ, 1837ರಲ್ಲಿ ಕಂಪನಿ ವಿರುದ್ಧ ದಂಗೆ ಎದ್ದ ಕೆದಂಬಾಡಿ ರಾಮಯ್ಯ ಗೌಡರ ಕಡೆಯವರು ಬೆಳ್ಳಾರೆಯ ಕಂಪನಿ ಖಜಾನೆ ವಶಪಡಿಸಿಕೊಂಡೇ ಮಂಗಳೂರಿಗೆ ಹೊರಟಿದ್ದು. ಕೊಡಗಿನ ಅರಸರ ಕಾಲದಲ್ಲಿ ಬೆಳೆಯಲ್ಲೇ ಕಂದಾಯ ಕೊಡ್ತಿದ್ದ ಸುಳ್ಯ ಕಡೆಯ ಜನಕ್ಕೆ 1834ರ ನಂತರ ನಗದಾಗಿ ಕಟ್ಟಿ ಅಂದ್ರು, ಸಿಟ್ಟಿಗೆ ಅದು ದೊಡ್ಡ ಕಾರಣ. ಅಡಿಕೆ, ಭತ್ತ ಮಾರಿ ನಾಣ್ಯ ತರಬೇಕು, ತಂದ ನಾಣ್ಯ ಸವಕಲು ಅಂತ ಕಚೇರಿಯಲ್ಲಿ ತಳ್ಳಿದ್ರೆ ಆ ನಷ್ಟ ಯಾರಿಗೆ? ರೈತನಿಗೆ. ತಳ್ಳದೆ ತಗೊಂಡ್ರೆ? ಶರಾಫನಿಗೆ. ಇದನ್ನ ಯೋಚನೆ ಮಾಡಿ.

ತೆಂಕುಬಾಗಿಲು ಬರೆದದ್ದು:

ನಿವೃತ್ತಖಜಾನೆ ಸರ್, ನಿಮಗೆ ಹೇಗೆ ಹೇಳಬೇಕು ಗೊತ್ತಾಗ್ತಾ ಇಲ್ಲ. ನಿನ್ನೆ ಬೆಳಿಗ್ಗೆ ಬಿಸಿಲಿಗೆ ಹಿಡಿದು, ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಮಸಿ ಹಬ್ಬಿದ ಎರಡು ಸಾಲು ಹೀಗೆ ಉಂಟು: "ಖೋಟಾ 3" ಅಂತ ಒಂದು, ಅದರ ಕೆಳಗೆ "ಸವಕಲು 11, ವಟ್ಟ 1-6", ವಟ್ಟ ಅಂದ್ರೆ ಸವೆದ ನಾಣ್ಯಕ್ಕೆ ಹಿಡಿಯುವ ಕಡಿತ. ಮತ್ತೆ 4, 0, 6 ಇದರ ನಡುವೆ ತುಂಬ ತೆಳುವಾಗಿ ಎರಡು ಅಡ್ಡಗೆರೆ ಉಂಟು, ಮೊದಲು ಕಾಗದದ ಮಡಿಕೆ ಅಂತ ಮಾಡಿದ್ದೆ. ಅಂದ್ರೆ 4-0-6.

ಕೂತು ಕೂಡಿಸಿದೆ. ಖೋಟಾ ಮೂರಕ್ಕೆ 3 ರೂಪಾಯಿ. ಸವಕಲು ಹನ್ನೊಂದಕ್ಕೆ ಒಂದೊಂದಕ್ಕೆ ವಟ್ಟ ಒಂದಾಣೆ ಆರು ಪೈ, ಹನ್ನೊಂದು ಆಣೆ ಮತ್ತೆ 66 ಪೈ, 66 ಪೈ ಅಂದ್ರೆ 5 ಆಣೆ 6 ಪೈ, ಒಟ್ಟು 16 ಆಣೆ 6 ಪೈ, ಅಂದ್ರೆ 1 ರೂಪಾಯಿ 6 ಪೈ. ಎರಡೂ ಸೇರಿ 4 ರೂಪಾಯಿ 0 ಆಣೆ 6 ಪೈ. ಸರಿಯಾಗಿ ಬಂತು ಮಾರಾಯ್ರೆ, ಒಂದು ಪೈ ಆಚೆ ಈಚೆ ಇಲ್ಲ.

ಪುಸ್ತಕದಲ್ಲೇ ಬೇರೆ ಪುಟದಲ್ಲಿ ಅವರ ತಿಂಗಳ ಸಂಬಳ 10 ರೂಪಾಯಿ ಅಂತ ಉಂಟು. 406 ಆಗಿದ್ರೆ ಮೂರು ವರ್ಷಕ್ಕಿಂತ ಜಾಸ್ತಿ ಸಂಬಳ, 4-0-6 ಅಂದ್ರೆ ಹನ್ನೆರಡು ದಿವಸದ್ದು. ಅದನ್ನ ಕೈಯಿಂದ ಕಟ್ಟಿದ್ದಾರೆ. ಹಿಂದೆ ಯಾರೋ ಆಣೆ ಪೈ ಗೊತ್ತಿಲ್ಲದವರು ಇದೇ ಚೀಟಿ ಓದಿ 406 ಅಂತ ಹೇಳಿದ್ದು ಇರಬೇಕು, ಅದು ಬಾಯಿಂದ ಬಾಯಿಗೆ ಬಂತು. ಗದ್ದೆ ಯಾಕೆ ಹೋಯ್ತು ಅಂತ ಇನ್ನೂ ಗೊತ್ತಾಗ್ಲಿಲ್ಲ, ಆದ್ರೆ ಇದಕ್ಕಲ್ಲ. ಅಜ್ಜಿ ಹೇಳಿದ ಮಾತೇ ಸರಿ ಇತ್ತು, ಅವರು ಇಲ್ಲ ಈಗ. ದೊಡ್ಡತ್ತೆಗೆ ಫೋನ್ ಮಾಡಿ ಹೇಳಿದೆ, ಎರಡು ಸಲ ಲೆಕ್ಕ ಕೇಳಿಸಿಕೊಂಡ್ರು, ಮೂರನೇ ಸಲ ಅವರೇ ಬಾಯಲ್ಲಿ ಕೂಡಿಸಿದ್ರು.

ಪುಸ್ತಕ ಹುಳ ತಿನ್ನದ ಹಾಗೆ ಇಡುವುದು ಹೇಗೆ? ಲ್ಯಾಮಿನೇಷನ್ ಮಾಡಿಸಬಹುದಾ?

ನಿವೃತ್ತಖಜಾನೆ ಬರೆದದ್ದು:

ತುಂಬಾ ಸಂತೋಷ ಆಯ್ತು. ಆ 1 ಆಣೆ 6 ಪೈ ವಟ್ಟದ ಲೆಕ್ಕ ನಾನೂ ಇನ್ನೊಂದು ಕಾಗದದ ಮೇಲೆ ಹಾಕಿ ನೋಡಿದೆ, ಸರಿ ಇದೆ. 4000ದಲ್ಲಿ ಬರೀ 14 ವಾಪಸ್ಸು ಬಂದಿದೆ ಅಂದ್ರೆ ಆತ ಒಳ್ಳೆ ಕೆಲಸಗಾರ, ಇದು ನನ್ನ ಅಭಿಪ್ರಾಯ.

ಲ್ಯಾಮಿನೇಷನ್ ಖಂಡಿತ ಬೇಡ, ಒಮ್ಮೆ ಮಾಡಿಸಿದ್ರೆ ತೆಗೆಯೋಕಾಗಲ್ಲ, ಕಾಗದ ಒಳಗೇ ಹಾಳಾಗುತ್ತೆ. ಸೆಲೋಟೇಪ್ ಕೂಡ ಹಚ್ಚಬೇಡಿ. ಮತ್ತೆ ಬಿಸಿಲಿಗೆ ಹಿಡೀಬೇಡಿ, ಮಸಿ ಮಾಸುತ್ತೆ, ಕಿಟಕಿ ಹತ್ತಿರದ ಬೆಳಕು ಸಾಕು. ಮೊದಲು ಎಲ್ಲ ಪುಟದ ಫೋಟೋ ತೆಗೆದು ಎರಡು ಕಡೆ ಇಡಿ. ಮೃದು ಬ್ರಷ್‌ನಲ್ಲಿ ಧೂಳು ತೆಗೆದು, ತೊಳೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಹಾಗೆ ಮಲಗಿಸಿ ಇಡಿ, ನಿಮ್ಮ ಕಡೆ ಮಳೆ ಜಾಸ್ತಿ, ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ನೆರಳಲ್ಲಿ ಬಿಚ್ಚಿ ಗಾಳಿಗೆ ಇಡಬೇಕು. ಆ ಚೀಟಿ ಮಾತ್ರ ಪುಸ್ತಕದ ಜೊತೆ ಬೇಡ, ಬೇರೆ ಕವರಲ್ಲಿ ಇಡಿ. ಚೀಟಿ ಹಿಂಬದಿ ಅರಗು ಅಂಟಿದ ಗುರುತು ಇದೆಯಾ? ಇದ್ರೆ ಫೋಟೋ ಹಾಕಿ.